ಘಟ್ಟ ಹತ್ತಿ ಬಂದ ಕಡಲ ರಸ

ನಾವು ಯರಗಟ್ಟಿಯವರು ಕಡಲು ನೋಡಬೇಕೆಂದರೆ ಬೈಲಹೊಂಗಲ, ಕಿತ್ತೂರು ದಾಟಿ, ದಟ್ಟ ಕಾಡಿನ ಘಟ್ಟ ಇಳಿದು ಕಾರವಾರ ಸೇರಬೇಕು. ನಮ್ಮದು ಎರೆಮಣ್ಣಿನ ಸೀಮೆ. ಮಲಪ್ರಭೆಯ ನೀರು ಸಿಕ್ಕಲ್ಲಿ ಕಬ್ಬು, ಉಳಿದಲ್ಲಿ ಗೋವಿನಜೋಳ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಇಂಥ ಊರಿನ ಗೊಬ್ಬರದಂಗಡಿಯ ಕಪಾಟಿನಲ್ಲಿ ಈಗ ಕಡಲಕಳೆಯ ರಸದ ಬಾಟಲಿ ನಿಂತಿದೆ. ರೈತರು ಅದನ್ನು ‘ಟಾನಿಕ್’ ಎಂದೇ ಕೇಳುತ್ತಾರೆ. ದ್ರಾಕ್ಷಿ, ಕಬ್ಬು, ಮೆಣಸಿನಕಾಯಿಗೆಂದು ಬಂದ ಈ ಸರಕು ಸಣ್ಣ ಬಾಟಲಿಗಳಲ್ಲಿ ಮನೆಯ ಮಾಳಿಗೆ ಮೇಲಿನ ಕುಂಡಗಳಿಗೂ ಬಂದು ತಲುಪಿದೆ.

ಒಮ್ಮೆ ಅಂಗಡಿಯಲ್ಲಿ ನಿಂತಿದ್ದಾಗ ಒಬ್ಬ ಹೆಣ್ಣುಮಗಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿದರು: “ಅಣ್ಣಾರ, ಇದನ್ನ ಹಾಕಿದ್ರ ನಮ್ಮ ಗುಲಾಬಿ ಹೂ ಬಿಡತೈತೇನ್ರಿ?” ಅಂಗಡಿಯವರು ಪ್ರಾಮಾಣಿಕರು. “ಬಿಡತೈತ್ರಿ ಅಕ್ಕಾರ, ಆದ್ರ ಗೊಬ್ಬರ ಬ್ಯಾರೆ ಹಾಕಬೇಕ್ರಿ. ಇದು ಗೊಬ್ಬರ ಅಲ್ರಿ” ಎಂದರು. “ಗೊಬ್ಬರ ಅಲ್ಲಂದ್ರ ಮತ್ತೇನ್ರಿ ಇದು?” ಎಂದು ಆಕೆ ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೇ ಹಲವು ದಶಕ ಹಿಡಿದಿವೆ. ಮೊದಲು ರಸ ಸಿಕ್ಕಿತು, ಅದರಿಂದ ಏನೋ ಆಗುತ್ತದೆ ಎಂಬುದು ಕಂಡಿತು, ಏಕೆ ಆಗುತ್ತದೆ ಎಂಬುದು ಬಹಳ ತಡವಾಗಿ ತಿಳಿಯಿತು.

ಕಡಲಕಳೆಯನ್ನು ಹೊಲಕ್ಕೆ ಹಾಕುವುದು ಹೊಸದೇನಲ್ಲ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಬರೀ ಬಂಡೆಯ ಮೇಲೆ ಉಸುಕು ಮತ್ತು ಕಡಲಕಳೆಯನ್ನು ಪದರು ಪದರಾಗಿ ಹಾಕಿ ಮಣ್ಣನ್ನೇ ಕಟ್ಟಿಕೊಂಡು ಆಲೂಗಡ್ಡೆ ಬೆಳೆದವರಿದ್ದಾರೆ. ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ ತೀರಗಳಲ್ಲೂ ಅದು ತಲೆಮಾರುಗಳ ರೂಢಿ. ಆದರೆ ಹಸಿ ಕಳೆಯ ತೂಕದಲ್ಲಿ ಬಹುಪಾಲು ನೀರೇ. ಗಾಡಿ ತುಂಬ ಹೇರಿಕೊಂಡು ಹೊರಟರೆ ಸಾಗಿಸಿದ್ದು ನೀರನ್ನೇ. ಒಂದೆರಡು ದಿನದಲ್ಲಿ ಕೊಳೆತು ನಾರತೊಡಗುತ್ತದೆ. ಹೀಗಾಗಿ ತೀರದಿಂದ ದೂರದ ರೈತನಿಗೆ ಅದು ಸಿಗುತ್ತಲೇ ಇರಲಿಲ್ಲ. ಕಾರವಾರದ ಬಂಡೆಗಳ ಮೇಲೆ ಮಳೆಗಾಲ ಮುಗಿದ ಮೇಲೆ ಸರ್ಗಾಸಮ್ ಎಂಬ ಕಂದು ಕಳೆ ಬೆಳೆಯುತ್ತದೆ. ಅದು ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ ಇದ್ದದ್ದು ಈ ಸಾಗಾಟದ ಕಾರಣಕ್ಕೇ.

ಈ ಗಂಟು ಬಿಚ್ಚಿದ್ದು ಬೇರೆ ಯಾವುದೋ ಕೆಲಸದ ಬೆನ್ನಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನಲ್ಲಿ ಸಣಬಿಗೆ ತತ್ವಾರ ಬಂತು. ಬಂಗಾಳದಿಂದ ಹಡಗಿನಲ್ಲಿ ಬರಬೇಕಾದ ಮಾಲು ಅದು. ಬದಲಿ ನಾರಿಗಾಗಿ ಹುಡುಕಾಟ ಶುರುವಾಗಿ, ಕಡಲಕಳೆಯಿಂದ ನಾರು ತೆಗೆಯಲು ಬರುತ್ತದೆಯೇ ಎಂದು ನೋಡುವ ಯೋಜನೆಯೊಂದು ಹುಟ್ಟಿತು. ಅದು ಹೆಚ್ಚು ದಿನ ಬಾಳಲಿಲ್ಲ. ಆದರೆ ಆ ಕಳೆಯ ಗುಣ ಬಲ್ಲವರು ಒಬ್ಬರು ಉಳಿದರು. ಅವರು ಜೀವರಸಾಯನ ವಿಜ್ಞಾನಿ ರೆಜಿನಾಲ್ಡ್ ಮಿಲ್ಟನ್. ನಾರು ಬೇಡವಾದರೆ ಬೇಡ, ಈ ಕಳೆಯನ್ನು ಪೂರ್ತಿ ಕರಗಿಸಿ ಬಾಟಲಿಗೆ ತುಂಬಲು ಬಂದರೆ ಒಳನಾಡಿನ ರೈತನಿಗೂ ಮುಟ್ಟಿಸಬಹುದಲ್ಲ ಎಂಬ ಯೋಚನೆ ಅವರ ಹಾಗೂ ಅವರ ಜೊತೆಗಾರ ಡಬ್ಲ್ಯು. ಎ. ಸ್ಟೀಫನ್‌ಸನ್ ಅವರ ತಲೆ ಹೊಕ್ಕಿತು.

ಹೇಳುವುದು ಸುಲಭ, ಕರಗಿಸುವುದು ಕಷ್ಟ. ಕಂದು ಕಡಲಕಳೆಯ ಕೋಶಗಳ ಗೋಡೆಯಲ್ಲಿ ಅಲ್ಜಿನಿಕ್ ಆಮ್ಲವೆಂಬ ವಸ್ತು ಇದೆ. ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಅದನ್ನು 1880ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ಕಡಲ ನೀರಿನ ಕ್ಯಾಲ್ಸಿಯಂ ಈ ವಸ್ತುವನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಬರೀ ನೀರಲ್ಲಿ ಎಷ್ಟು ಕುದಿಸಿದರೂ ಗೋಡೆ ಬಿಚ್ಚಿಕೊಳ್ಳುವುದಿಲ್ಲ. ಮಿಲ್ಟನ್ ಕಳೆಗೆ ಕ್ಷಾರ ಸೇರಿಸಿ, ಒತ್ತಡದಲ್ಲಿ ಬಿಸಿ ಮಾಡಿದರು. ಕ್ಷಾರದ ಸೋಡಿಯಂ ಹೋಗಿ ಕ್ಯಾಲ್ಸಿಯಂನ ಜಾಗದಲ್ಲಿ ಕುಳಿತುಕೊಂಡಿತು, ಗೋಡೆ ಸಡಿಲಾಯಿತು, ಕಳೆ ಕರಗಿ ಕಪ್ಪು ರಸವಾಯಿತು. ನಮ್ಮ ಅಡುಗೆಮನೆಯಲ್ಲಿ ಕಡಲೆಕಾಳು ಬೇಯದೆ ಗಟ್ಟಿ ನಿಂತಾಗ ಚಿಟಿಕೆ ಸೋಡಾ ಹಾಕಿದರೆ ಮೆತ್ತಗಾಗುವುದೂ ಬಹುಮಟ್ಟಿಗೆ ಇದೇ ರಸಾಯನದಿಂದ. 1947ರ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಅವರ ರಸ ಸಿದ್ಧವಾಗಿತ್ತು. 1952ರಲ್ಲಿ ಪೇಟೆಂಟ್ ಆಯಿತು. ‘ಮ್ಯಾಕ್ಸಿಕ್ರಾಪ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಸರಕಿಗೆ ಈ ವಿಧಾನವೇ ಬುನಾದಿ. ಗಮನಿಸಿ, ಬರ್ಮಿಂಗ್‌ಹ್ಯಾಮ್ ಕೂಡ ಕಡಲಿಲ್ಲದ ಒಳನಾಡಿನ ಊರೇ.

ರಸ ಸಿಕ್ಕಿತು, ಆದರೆ ಅದರ ಜೊತೆಗೇ ಒಂದು ಒಗಟೂ ಹುಟ್ಟಿತು. ಕೃಷಿ ರಸಾಯನ ತಜ್ಞರು ಅದನ್ನು ಅಳೆದು ನೋಡಿದರು. ಸಾರಜನಕ ನಗಣ್ಯ. ರಂಜಕ ಅದಕ್ಕಿಂತ ಕಡಿಮೆ. ಪೊಟ್ಯಾಷ್ ಒಂದಿಷ್ಟು ಇದೆ, ಆದರೆ ಲೀಟರಿಗೆ ಕೆಲವೇ ಮಿಲಿ ಲೀಟರ್ ಬೆರೆಸಿ ಹಾಕಿದ ಮೇಲೆ ಆ ಪೊಟ್ಯಾಷ್ ಲೆಕ್ಕಕ್ಕೇ ಬರುವುದಿಲ್ಲ. ಹಾಗಿದ್ದರೆ ಬೇರು ಹೆಚ್ಚಾಯಿತು, ಎಲೆ ಕಡುಹಸಿರಾಯಿತು ಎಂದು ತೋಟದವರು ಹೇಳುತ್ತಿರುವುದೇಕೆ? ಸ್ಟೀಫನ್‌ಸನ್ 1968ರಲ್ಲಿ ಕೃಷಿ, ತೋಟಗಾರಿಕೆಗಳಲ್ಲಿ ಕಡಲಕಳೆಯ ಬಳಕೆಯ ಕುರಿತೇ ಒಂದು ಪುಸ್ತಕ ಬರೆದರು. ನಂಬುವವರು ನಂಬಿದರು, ನಗುವವರು ನಕ್ಕರು.

ಒಗಟಿನ ಬೀಗದ ಕೈ ಸಿಕ್ಕಿದ್ದು ಕಡಲಕಳೆಗೆ ಸಂಬಂಧವೇ ಇಲ್ಲದ ಕಡೆ. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಲ್ಕ್ ಸ್ಕೂಗ್, ಕಾರ್ಲೋಸ್ ಮಿಲ್ಲರ್ ಮತ್ತು ಸಂಗಡಿಗರು ತಂಬಾಕಿನ ಅಂಗಾಂಶ ಬೆಳೆಸುತ್ತ, ಕೋಶಗಳನ್ನು ವಿಭಜಿಸುವಂತೆ ಮಾಡುವ ವಸ್ತುವೊಂದನ್ನು ಬೇರ್ಪಡಿಸಿದರು. ಅದು ಸಿಕ್ಕಿದ್ದು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಲ್ಲಿ. ಕೈನೆಟಿನ್ ಎಂದು ಹೆಸರಿಟ್ಟರು. ಈ ಬಗೆಯ ವಸ್ತುಗಳಿಗೆಲ್ಲ ಮುಂದೆ ಸೈಟೋಕೈನಿನ್ ಎಂಬ ಹೆಸರು ನಿಂತಿತು. ಸಸ್ಯದಲ್ಲೇ ಹುಟ್ಟುವ ಇಂಥದೊಂದು ವಸ್ತು 1963ರಲ್ಲಿ ಡಿ. ಎಸ್. ಲೆಥಮ್ ಅವರ ಕೈಗೆ ಸಿಕ್ಕಿತು. ಸಿಕ್ಕಿದ್ದು ಎಳೆಯ ಗೋವಿನಜೋಳದ ಕಾಳಿನಲ್ಲಿ! ಅದಕ್ಕೆ ಝಿಯಾಟಿನ್ ಎಂಬ ಹೆಸರು. ನಮ್ಮ ಹೊಲಗಳಲ್ಲಿ ಹಾಲುಗಾಳು ಕಟ್ಟಿ ನಿಂತ ತೆನೆಯೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿರುವ ವಸ್ತುವೂ ಅದೇ.

ಈ ವಸ್ತುಗಳ ವಿಶೇಷವೆಂದರೆ ಅವು ಗಿಡಕ್ಕೆ ಆಹಾರವಲ್ಲ, ಆಜ್ಞೆ. ಕಣ್ಣಿಗೆ ಕಾಣದಷ್ಟು ಪ್ರಮಾಣ ಸಾಕು. ಸೈಟೋಕೈನಿನ್ ಹೆಚ್ಚಿದ್ದು ಆಕ್ಸಿನ್ ಎಂಬ ಇನ್ನೊಂದು ಸಸ್ಯ ಹಾರ್ಮೋನು ಕಡಿಮೆಯಿದ್ದರೆ ಚಿಗುರು, ಆಕ್ಸಿನ್ ಹೆಚ್ಚಿದ್ದರೆ ಬೇರು ಎಂಬುದನ್ನು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತೋರಿಸಿದರು. ಮುಂದೆ ಈ ತಿಳಿವಳಿಕೆಯ ಬೆಳಕಿನಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಜೆರಾಲ್ಡ್ ಬ್ಲಂಡೆನ್ ಮತ್ತು ಸಂಗಡಿಗರು ಕಡಲಕಳೆಯ ರಸವನ್ನು ಹಿಡಿದು ಕುಳಿತರು. ಅದರಲ್ಲಿ ಸೈಟೋಕೈನಿನ್‌ನಂತೆ ಕೆಲಸ ಮಾಡುವ ಗುಣವಿದೆ ಎಂಬುದು ಕಂಡಿತು. ಬಿಟೇನ್ ಎಂಬ ಇನ್ನೊಂದು ಬಗೆಯ ವಸ್ತುಗಳೂ ಸಿಕ್ಕವು. ರಸ ಹಾಕಿದ ಗಿಡದ ಎಲೆ ಹೆಚ್ಚು ಹಸಿರಾಗಿರುವುದು ಈ ಬಿಟೇನ್‌ಗಳಿಂದ ಇರಬೇಕು, ಅವು ಎಲೆಯ ಪತ್ರಹರಿತ್ತು ಬೇಗ ನಾಶವಾಗದಂತೆ ನೋಡಿಕೊಳ್ಳುತ್ತವೆ ಎಂದು ಅವರು ವಾದಿಸಿದರು. ದಕ್ಷಿಣ ಆಫ್ರಿಕದಲ್ಲಿ ಎಕ್ಲೋನಿಯ ಎಂಬ ದೊಡ್ಡ ಕಂದು ಕಳೆಯನ್ನು ಬಿಸಿ ಮಾಡದೆ, ಒತ್ತಡದ ಏರಿಳಿತದಿಂದಲೇ ಕೋಶ ಒಡೆದು ರಸ ತೆಗೆಯುವ ದಾರಿ ಕಂಡುಕೊಂಡರು. ಅದರಲ್ಲಿ ಆಕ್ಸಿನ್ ಪಾಲು ಹೆಚ್ಚು. ಕಳೆ ಬೇರೆ, ತೆಗೆಯುವ ರೀತಿ ಬೇರೆಯಾದರೆ ರಸದ ಗುಣವೂ ಬೇರೆ ಎಂಬುದು ಇಲ್ಲಿ ಖಚಿತವಾಯಿತು.

ಇದೆಲ್ಲ ಕೇಳಿ ರಸವನ್ನು ತಲೆಯ ಮೇಲೆ ಹೊತ್ತು ಮೆರೆಸುವ ಮೊದಲು ನ್ಯೂಜಿಲೆಂಡಿನಲ್ಲಿ ನಡೆದದ್ದನ್ನೂ ಹೇಳಬೇಕು. 1985ರಲ್ಲಿ ಅಲ್ಲಿನ ಕೃಷಿ ಇಲಾಖೆಯ ಮಣ್ಣು ವಿಜ್ಞಾನಿ ಡಗ್ ಎಡ್‌ಮೀಡ್ಸ್ ‘ಫೇರ್ ಗೋ’ ಎಂಬ ಟಿವಿ ಕಾರ್ಯಕ್ರಮದಲ್ಲಿ ಮ್ಯಾಕ್ಸಿಕ್ರಾಪ್ ಹೊಲದಲ್ಲಿ ಕೆಲಸ ಮಾಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅಲ್ಲಿ ಅದನ್ನು ಮಾರುತ್ತಿದ್ದ ಬೆಲ್-ಬೂತ್ ಕಂಪನಿ ಕೋರ್ಟಿಗೆ ಹೋಯಿತು. ಆ ದೇಶದ ದೀರ್ಘ ಸಿವಿಲ್ ವಿಚಾರಣೆಗಳಲ್ಲಿ ಒಂದು ಎನಿಸಿದ ಈ ವ್ಯಾಜ್ಯದಲ್ಲಿ ವಿಜ್ಞಾನಿಗಳು ಪ್ರಯೋಗದ ಅಂಕಿಗಳನ್ನು ಹಿಡಿದು ಸಾಕ್ಷಿ ನುಡಿದರು. ಎಡ್‌ಮೀಡ್ಸ್ ಹೇಳಿದ್ದು ನಿಜ ಎಂಬುದನ್ನು ಕೋರ್ಟು ಒಪ್ಪಿತು. ಇಲಾಖೆಯ ನಡವಳಿಕೆಯ ಕಾರಣಕ್ಕೆ ಕಂಪನಿಗೆ ಕೊಡಿಸಿದ್ದ ಅಲ್ಪ ಪರಿಹಾರವೂ 1989ರ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಮುಂದೆ 2002ರಲ್ಲಿ ಎಡ್‌ಮೀಡ್ಸ್ ಇಂಥ ದ್ರವಗಳ ಮೇಲಿನ ಹೊಲದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಹಾಕಿದರೆ ಬೆಳೆಗೆ ಮುಟ್ಟುವ ಪೋಷಕಾಂಶವಾಗಲಿ ಹಾರ್ಮೋನಾಗಲಿ ಪರಿಣಾಮ ಬೀರುವಷ್ಟು ಇರುವುದಿಲ್ಲ ಎಂದು ಬರೆದರು.

ನನಗೆ ಎಡ್‌ಮೀಡ್ಸ್ ಅವರ ಮಾತಿನ ಬಗ್ಗೆ ಗೌರವವಿದೆ. ಕುಂಡದ ಗಿಡದ ಮಾತು ಬೇರೆಯಾಗುವುದು ಎಲ್ಲಿ ಎಂಬುದನ್ನೂ ಅವರ ತರ್ಕವೇ ತೋರಿಸಿಕೊಡುತ್ತದೆ. ಎಕರೆಗೆ ಅರ್ಧ ಲೀಟರ್ ರಸ ಎಂದು ಇಟ್ಟುಕೊಳ್ಳಿ. ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಚದರ ಮೀಟರಿಗೆ ಬೀಳುವುದು ಒಂದು ಮಿಲಿ ಲೀಟರಿನ ಎಂಟನೇ ಒಂದು ಭಾಗ. ಈಗ 10 ಇಂಚಿನ ಕುಂಡಕ್ಕೆ ಬನ್ನಿ. ಲೀಟರ್ ನೀರಿಗೆ 2 ಮಿಲಿ ಲೀಟರ್ ಬೆರೆಸಿ ಅರ್ಧ ಲೀಟರ್ ಹಾಕಿದರೆ ಒಂದು ಮಿಲಿ ಲೀಟರ್ ರಸ ಆ ಸಣ್ಣ ಬಾಯಿಯೊಳಗೇ ಇಳಿಯುತ್ತದೆ. ಚದರ ಮೀಟರಿನ ಲೆಕ್ಕಕ್ಕೆ ತಂದರೆ ಸುಮಾರು 20 ಮಿಲಿ ಲೀಟರ್. ಹೊಲಕ್ಕಿಂತ ನೂರೈವತ್ತು ಪಟ್ಟಿಗೂ ಹೆಚ್ಚು. ಅದೂ ಬೇರುಗಳು ಒತ್ತೊತ್ತಾಗಿ ಸುತ್ತಿಕೊಂಡಿರುವ ಜಾಗಕ್ಕೆ ನೇರವಾಗಿ. ಹೊಲದಲ್ಲಿ ಎಲೆಗೆ ಸಿಂಪಡಿಸುವಾಗ ಈ ಲೆಕ್ಕ ತುಸು ಬದಲಾಗುತ್ತದೆ, ನಿಜ. ಆದರೂ ಕುಂಡದಲ್ಲಿ ಕಂಡ ಫಲವನ್ನು ಹೊಲಕ್ಕೆ ಹೇಳಬಾರದು, ಹೊಲದಲ್ಲಿ ಕಾಣದ್ದನ್ನು ಕುಂಡಕ್ಕೂ ಹೇಳಬಾರದು ಎಂಬಷ್ಟು ಇದರಿಂದ ಸ್ಪಷ್ಟ.

ಇನ್ನು ನಮ್ಮ ದೇಶದ ಕತೆ. ನನ್ನ ಮಟ್ಟಿಗೆ ಇಡೀ ವೃತ್ತಾಂತದಲ್ಲಿ ಅತ್ಯಂತ ಚೆಂದದ ಭಾಗ ಇದೇ. ಗುಜರಾತಿನ ಭಾವನಗರದಲ್ಲಿ 1954ರಲ್ಲಿ ಕೇಂದ್ರೀಯ ಉಪ್ಪು ಮತ್ತು ಕಡಲ ರಸಾಯನ ಸಂಶೋಧನಾ ಸಂಸ್ಥೆ ಶುರುವಾಯಿತು. ಉಪ್ಪಿನ ಜೊತೆ ಕಡಲಕಳೆಯೂ ಅವರ ಅಧ್ಯಯನದ ವಸ್ತು. 1984ರಲ್ಲಿ ಅವರು ಕಪ್ಪಾಫೈಕಸ್ ಅಲ್ವರೇಝಿ ಎಂಬ ಕೆಂಪು ಗುಂಪಿನ ಕಡಲಕಳೆಯನ್ನು ಜಪಾನಿನಿಂದ ತರಿಸಿಕೊಂಡರು. ಮೂಲದಲ್ಲಿ ಅದು ಫಿಲಿಪೈನ್ಸ್ ಕಡೆಯದು. ಸೌರಾಷ್ಟ್ರದ ತೀರದಲ್ಲಿ ಒಗ್ಗಿಸಿ, 1995ರಲ್ಲಿ ತಮಿಳುನಾಡಿನ ಮಂಡಪಂಗೆ ಒಯ್ದರು. ಬಿದಿರಿನ ತೆಪ್ಪಗಳಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಳೆಯ ತುಂಡುಗಳನ್ನು ಕಟ್ಟಿ ಕಡಲಲ್ಲಿ ತೇಲಿಬಿಟ್ಟರೆ ಸುಮಾರು 45 ದಿನಕ್ಕೆ ಕೊಯ್ಲು. ರಾಮನಾಥಪುರ ಜಿಲ್ಲೆಯ ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈ ಹಾಕಿದರು. ಪೆಪ್ಸಿಕೋ ಕಂಪನಿ ಈ ಕೃಷಿಯ ಹಕ್ಕು ಪಡೆದು ಕೆಲವು ವರ್ಷ ನಡೆಸಿತು, 2008ರಲ್ಲಿ ಅದು ಅಕ್ವಾಗ್ರಿ ಎಂಬ ಕಂಪನಿಯ ಕೈಗೆ ಹೋಯಿತು.

ಈ ಕಳೆ ಬೆಳೆಯುತ್ತಿದ್ದದ್ದು ಗಿಡಗಳಿಗಾಗಿ ಅಲ್ಲ, ಕ್ಯಾರಗೀನನ್ ಎಂಬ ಅಂಟಿಗಾಗಿ. ಐಸ್‌ಕ್ರೀಮು, ಟೂತ್‌ಪೇಸ್ಟುಗಳನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು ಅದು. ಲೋಕದ ಎಲ್ಲ ಕಡೆಯ ರೂಢಿಯಂತೆ ಕೊಯ್ದ ಕಳೆಯನ್ನು ತೀರದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದರು. ಹಸಿ ಕಳೆಯ ತೂಕದ ಹತ್ತರಲ್ಲಿ ಒಂಬತ್ತು ಪಾಲು ಹತ್ತಿರ ರಸ. ಅದು ಸೋರಿ ಉಸುಕಿಗೆ ಇಂಗುತ್ತಿತ್ತು, ಉಳಿದದ್ದು ಗಾಳಿಗೆ ಆರುತ್ತಿತ್ತು. ಯಾರಿಗೂ ಅದು ಬೇಡದ ನೀರು. ಸಂಸ್ಥೆಯ ಅಂದಿನ ನಿರ್ದೇಶಕ ಪುಷ್ಪಿತೋ ಘೋಷ್, ಕೆ. ಈಶ್ವರನ್, ಎ. ಕೆ. ಸಿದ್ಧಾಂತ ಮೊದಲಾದವರ ತಂಡ ಕೇಳಿಕೊಂಡ ಪ್ರಶ್ನೆ ಬಹಳ ಸರಳ: ಒಣಗಿಸುವ ಮುಂಚೆಯೇ ಅರೆದು ಹಿಂಡಿದರೆ? ಕೆಂಪು ಕಳೆಯಲ್ಲಿ ಅಲ್ಜಿನಿಕ್ ಆಮ್ಲದ ತೊಡಕಿಲ್ಲ. ಕ್ಷಾರ ಬೇಡ, ಬಿಸಿ ಬೇಡ. ಹಸಿಯಾಗಿ ಅರೆದು ಸೋಸಿದರೆ ರಸ ಒಂದು ಕಡೆ, ಅಂಟು ತುಂಬಿದ ಹಿಪ್ಪೆ ಇನ್ನೊಂದು ಕಡೆ. ಹಿಪ್ಪೆಯ ತೂಕ ಇಳಿದದ್ದರಿಂದ ಸಾಗಾಟ ಅಗ್ಗ. ರಸಕ್ಕೆ ರಸವೇ ಒಂದು ಬೆಳೆ. ಈ ವಿಧಾನಕ್ಕೆ 2005ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ನಮ್ಮಲ್ಲಿ ಗಾಣದ ಹಿಂಡಿ ದನಕ್ಕೆ, ಕಬ್ಬಿನ ಸಿಪ್ಪೆ ಒಲೆಗೆ ಎಂದು ಯಾವುದನ್ನೂ ಬಿಸಾಡದವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಸಂಸ್ಥೆಯವರು ರಸವನ್ನು ತೆಗೆದಲ್ಲಿಗೇ ನಿಲ್ಲಲಿಲ್ಲ. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಬಳಸಿ ರಸದೊಳಗೆ ಆಕ್ಸಿನ್, ಕೈನೆಟಿನ್, ಝಿಯಾಟಿನ್ ಮತ್ತು ಜಿಬ್ಬರೆಲಿನ್ ಎಂಬ ಮತ್ತೊಂದು ಸಸ್ಯ ಹಾರ್ಮೋನು ಎಷ್ಟೆಷ್ಟಿದೆ ಎಂದು ಅಳೆದರು. ಮುಂದೆ ಇನ್ನೊಂದು ಹೆಜ್ಜೆ ಇಟ್ಟು, ರಸದಿಂದ ಜಿಬ್ಬರೆಲಿನ್ ಒಂದನ್ನೇ ತೆಗೆದುಹಾಕಿ ಗೋವಿನಜೋಳಕ್ಕೆ ಸಿಂಪಡಿಸಿದರು. ಕಾಳಿನ ಲಾಭ ಕಡಿಮೆಯಾಗದೆ ಮೇವಿನ ಕಣಿಕೆ ಹೆಚ್ಚಾಯಿತು. ದನ ಕಟ್ಟಿಕೊಂಡವರಿಗೆ ಇದು ದೊಡ್ಡ ಮಾತು. ರಸದಲ್ಲಿ ಏನಿದೆ ಎಂದು ಊಹಿಸುವುದು ಬಿಟ್ಟು, ಒಂದೊಂದನ್ನೇ ತೆಗೆದು ನೋಡುವ ಈ ತಾಳ್ಮೆಯೇ ನನಗೆ ನಿಜವಾದ ಆವಿಷ್ಕಾರ ಅನಿಸುತ್ತದೆ.

ಒಂದು ಕಳವಳವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಪರದೇಶದಿಂದ ಬಂದ ಈ ಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ದಿಬ್ಬಗಳ ಮೇಲೆ ಹಬ್ಬಿ ಹವಳವನ್ನು ಮುಚ್ಚುತ್ತಿದೆ ಎಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮ ಮಾಳಿಗೆಯ ಗುಲಾಬಿಗಾಗಿ ಅಲ್ಲಿನ ಹವಳ ಸಾಯಬಾರದು. ತೆಪ್ಪಗಳನ್ನು ಹವಳದಿಂದ ದೂರ ಇಡುವುದು, ಚದುರಿದ ತುಂಡುಗಳನ್ನು ಆರಿಸಿ ತೆಗೆಯುವುದು ಬೆಳೆಸುವವರ ಹೊಣೆ, ಅದನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ.

ರಸಗೊಬ್ಬರ ಸಹಕಾರಿ ಸಂಸ್ಥೆ ಇಫ್ಕೋ ಮತ್ತು ಅಕ್ವಾಗ್ರಿ ಕೈಜೋಡಿಸಿದ ಮೇಲೆ ‘ಸಾಗರಿಕಾ’ ಎಂಬ ಹೆಸರಿನಲ್ಲಿ ಈ ರಸ ಸಹಕಾರಿ ಸೊಸೈಟಿಗಳ ದಾರಿ ಹಿಡಿದು ಹಳ್ಳಿಗಳಿಗೆ ಬಂತು. ಬೇರೆ ಬೇರೆ ಕಂಪನಿಗಳ ಸರಕುಗಳೂ ಪೇಟೆಯಲ್ಲಿವೆ. ಬಹುಕಾಲ ಇವುಗಳಿಗೆ ಕಾಯ್ದೆಯ ಕಡಿವಾಣವೇ ಇರಲಿಲ್ಲ. ಬಣ್ಣದ ನೀರನ್ನೂ ಟಾನಿಕ್ ಎಂದು ಮಾರಬಹುದಿತ್ತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಯೋಸ್ಟಿಮ್ಯುಲಂಟ್ ಎಂಬ ಪ್ರತ್ಯೇಕ ವರ್ಗವನ್ನೇ ತಂದು, ಕಡಲಕಳೆಯ ಸಾರವನ್ನು ಅದರಡಿ ಸೇರಿಸಿತು. ಅಂಗಡಿಯಲ್ಲಿ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಸರ್ಕಾರಿ ಉತ್ತರ ಸಿಕ್ಕಿದ್ದು ಆಗ: ಇದು ಗೊಬ್ಬರವಲ್ಲ, ಗಿಡದ ಚೇತನ ಕೆರಳಿಸುವ ವಸ್ತು.

ಕುಂಡಕ್ಕೆ ಹಾಕುವ ಬಗೆ ಈ ಕತೆಯೊಳಗೇ ಇದೆ. ನಮ್ಮ ಎರೆಮಣ್ಣನ್ನೇ ತುಂಬಿದ ಕುಂಡ ಬೇಸಿಗೆಯಲ್ಲಿ ಬಿರಿದು, ಹಾಕಿದ ನೀರು ಬಿರುಕಿನಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ. ರಸವೂ ಅದೇ ದಾರಿ ಹಿಡಿಯುತ್ತದೆ. ಮೊದಲು ಕೆಂಪುಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಮಣ್ಣು ಸಿದ್ಧವಾಗಬೇಕು. ಬರೀ ನೀರು ಹಾಕಿ ಮಣ್ಣು ಹಸಿಯಾದ ಮೇಲೆ ರಸದ ನೀರು. ಔಷಧದ ಬಾಟಲಿಯ ಜೊತೆ ಬರುವ ಗೆರೆಯಿರುವ ಮುಚ್ಚಳ ಅಳತೆಗೆ ಒಳ್ಳೆಯದು. ಲೀಟರಿಗೆ 2 ಮಿಲಿ ಲೀಟರ್, ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ ಅಥವಾ ಸಂಜೆ. ಬಾಟಲಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಎಲೆಯ ಅಡಿಭಾಗಕ್ಕೂ ಸಿಂಪಡಿಸಬಹುದು.

ನೀರಿನ ಬಗ್ಗೆ ಎಚ್ಚರ ಬೇಕು. ನಮ್ಮ ಕಡೆಯ ಅನೇಕ ಬೋರ್‌ವೆಲ್‌ಗಳ ನೀರು ಸವಳು, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಮಿಲ್ಟನ್ ಕಷ್ಟಪಟ್ಟು ಹೊರಗಟ್ಟಿದ ಅದೇ ಕ್ಯಾಲ್ಸಿಯಂ ನಮ್ಮ ಬಕೆಟ್ಟಿನಲ್ಲಿ ತಿರುಗಿ ಬಂದು ಸೇರುತ್ತದೆ. ಕಂದು ಕಳೆಯ ರಸವನ್ನು ಅಂಥ ನೀರಿಗೆ ಸುರಿದು ಕೈಯಾಡಿಸಿ ನೋಡಿ, ಒಮ್ಮೊಮ್ಮೆ ಸಣ್ಣ ಎಳೆ ಎಳೆಯಾದ ಹೆಪ್ಪು ತೇಲುತ್ತದೆ, ಸಿಂಪಡಿಸುವ ಪಂಪಿನ ಮೂತಿ ಕಟ್ಟಿಕೊಳ್ಳುತ್ತದೆ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಅದನ್ನೇ ಬಳಸಿ, ಇಲ್ಲವೇ ಹೊಳೆಯ ನಲ್ಲಿ ನೀರು ಆದೀತು. ಹೆಚ್ಚು ಹಾಕಿದರೆ ಹೆಚ್ಚು ಹೂ ಎಂಬ ಆಸೆಯೂ ಬೇಡ. ಕಡಲ ವಸ್ತುವಾದ್ದರಿಂದ ಉಪ್ಪಿನಂಶ ಇದ್ದೇ ಇದೆ, ಕುಂಡದ ಮಣ್ಣಿನಲ್ಲಿ ಅದು ಕೂಡಿಕೊಂಡು ಎಲೆಯ ತುದಿ ಸುಡುತ್ತದೆ.

ಫಲ ಮೊದಲು ಕಾಣುವುದು ಹೂವಿನಲ್ಲಿ ಅಲ್ಲ. ಅಬ್ಬಲಿಗೆ, ಸೇವಂತಿಗೆಗಳ ಕಡ್ಡಿ ನೆಟ್ಟಾಗ, ಗಿಡವನ್ನು ಸಣ್ಣ ಡಬ್ಬಿಯಿಂದ ದೊಡ್ಡ ಕುಂಡಕ್ಕೆ ಬದಲಿಸಿದಾಗ, ಏಪ್ರಿಲ್ ಬಿಸಿಲಿಗೆ ಬಾಡಿದ ತುಳಸಿ ತಿರುಗಿ ಚೇತರಿಸಿಕೊಳ್ಳುವಾಗ ಅದನ್ನು ಹುಡುಕಬೇಕು. ಕುಂಡ ಬೋರಲು ಹಾಕಿ ಮಣ್ಣಿನ ಹೆಂಟೆಯನ್ನು ಅಂಗೈಗೆ ತೆಗೆದುಕೊಂಡರೆ, ಅದರ ಸುತ್ತ ಬಿಳಿ ಎಳೆಬೇರು ಎಷ್ಟಿದೆ ಎಂಬುದೇ ಸರಿಯಾದ ಸಾಕ್ಷಿ.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲು ಸಣ್ಣ ಬಾಟಲಿಯನ್ನೇ ಕೊಳ್ಳಿ. ಯಾವ ಕಳೆಯ ರಸ, ಶೇಕಡಾ ಎಷ್ಟು ಎಂದು ಮೇಲೆ ಬರೆದಿರದಿದ್ದರೆ ತಿರುಗಿ ಕೊಡಿ. ಒಂದೇ ಬಗೆಯ, ಒಂದೇ ವಯಸ್ಸಿನ ಗಿಡಗಳಲ್ಲಿ ಅರ್ಧಕ್ಕೆ ರಸ ಹಾಕಿ, ಅರ್ಧಕ್ಕೆ ಬರೀ ನೀರು ಹಾಕಿ, ಗುರುತಿಗೆ ಕುಂಡದ ಮೇಲೆ ಸುಣ್ಣದ ಬೊಟ್ಟು ಇಡಿ. ಒಂದು ಹಂಗಾಮು ಕಳೆದ ಮೇಲೂ ವ್ಯತ್ಯಾಸ ಕಾಣದಿದ್ದರೆ ಆ ದುಡ್ಡಿಗೆ ಒಂದು ಪುಟ್ಟಿ ತಿಪ್ಪೆಗೊಬ್ಬರ ತಂದು ಹಾಕಿ.